ನಟಾಲ್ ಹಡಗಿನ ಪಟ್ಟಿಯಲ್ಲಿ ಮುತ್ತಜ್ಜನನ್ನು ಹುಡುಕುವುದು

ದಕ್ಷಿಣ ಆಫ್ರಿಕಾದ ಡರ್ಬನ್‌ನಿಂದ ಯಾರಾದರೂ "ನಮ್ಮ ಮುತ್ತಜ್ಜ ಮೈಸೂರು ಕಡೆಯವರಂತೆ, ಊರು ಯಾವುದು ನೋಡಿ ಹೇಳ್ತೀರಾ?" ಎಂದು ಕೇಳಿದರೆ, ಮನೆತನದ ಹೆಸರು ಹಿಡಿದು ಹೊರಡಬೇಡಿ. ಮೊದಲು ಮುತ್ತಜ್ಜನ ಕಲೋನಿಯಲ್ ನಂಬರ್, ಅಂದರೆ ಅಲ್ಲಿ ಇಳಿದಾಗ ಸರ್ಕಾರ ಕೊಟ್ಟ ನಂಬರ್, ಕೇಳಿ.

1860ರ ನವೆಂಬರ್ 16ರಂದು ಮದ್ರಾಸಿನಿಂದ ಹೋದ 'ಟ್ರೂರೋ' ಹಡಗು ಡರ್ಬನ್ ಮುಟ್ಟಿತು. ಅಲ್ಲಿಂದ 1911ರವರೆಗೆ, ನಡುವೆ 1866ರಿಂದ 1874ರ ತನಕ ನಿಂತದ್ದು ಬಿಟ್ಟರೆ, ಕರಾರಿನ ಮೇಲೆ ಕೂಲಿಗಾಗಿ ನಟಾಲಿಗೆ (ಡರ್ಬನ್ ಇದ್ದ ಅಂದಿನ ಬ್ರಿಟಿಷ್ ವಸಾಹತಿಗೆ) ಹೋದವರು 1,52,184 ಜನ. ಇಳಿದವರಿಗೆಲ್ಲ ಒಂದೊಂದು ನಂಬರ್ ಕೊಟ್ಟು ರಿಜಿಸ್ಟರಿನಲ್ಲಿ ಬರೆದರು; ಹಡಗಿನ ಪಟ್ಟಿ ಎನ್ನುವುದು ಇದನ್ನೇ. ನಂಬರ್ ಕ್ರಮವಾಗಿ ಏರುವುದರಿಂದ ಹಡಗು ಯಾವುದು, ವರ್ಷ ಯಾವುದು ಎಂಬುದು ಅದರಿಂದಲೇ ಗೊತ್ತಾಗುತ್ತದೆ.

ಹೆಸರಿನ ಹಾದಿ ಯಾಕೆ ಕೈಕೊಡುತ್ತದೆಂದರೆ, ಇಂದಿನ ನಾಯ್ಡೂ, ಗೋವೆಂಡರ್, ಮೂಡ್ಲಿ ಎಂಬ ಮನೆತನದ ಹೆಸರುಗಳಲ್ಲಿ ಬಹಳಷ್ಟು ಪಟ್ಟಿಯಲ್ಲಿ ಆ ರೂಪದಲ್ಲಿ ಇಲ್ಲವೇ ಇಲ್ಲ. ಅಲ್ಲಿರುವುದು ವ್ಯಕ್ತಿಯ ಒಂದೇ ಹೆಸರು, ಪಕ್ಕದಲ್ಲಿ ಅಪ್ಪನ ಹೆಸರು. ಎಷ್ಟೋ ಮನೆಗಳಲ್ಲಿ ಮೊದಲು ಹೋದವರ ಹೆಸರೇ ಮುಂದೆ ಮನೆತನದ ಹೆಸರಾಗಿದೆ. ಬರೆದದ್ದು ಗುಮಾಸ್ತೆಯ ಕಿವಿಗೆ ಬಿದ್ದಂತೆ, ಇಂಗ್ಲಿಷಿನಲ್ಲಿ: ಮುನಿಸ್ವಾಮಿ ಮೂನ್‌ಸಾಮಿ ಆಗಿರುತ್ತಾನೆ. ಯು ಬರಬೇಕಾದಲ್ಲಿ ಎರಡು ಓ, ವಿ ಬರಬೇಕಾದಲ್ಲಿ ಡಬ್ಲ್ಯೂ ಹಾಕಿಯೂ ಹುಡುಕಿ ನೋಡಬೇಕು.

ನಂಬರ್ ಸಿಗುವುದು ಮನೆಯ ಹಳೇ ಕಾಗದಗಳಲ್ಲಿ. ಭಾರತೀಯ ವಲಸಿಗರ ಪ್ರೊಟೆಕ್ಟರ್ (ಕರಾರಿನ ಕೂಲಿಗಳ ಮೇಲ್ವಿಚಾರಣೆಯ ಅಧಿಕಾರಿ) ಕಚೇರಿಯಲ್ಲಿ ನೋಂದಾಯಿಸಿದ ಜನನ, ಮದುವೆ ಪತ್ರಗಳಲ್ಲಿ ತಂದೆತಾಯಿಯ ನಂಬರ್ ಇರುವುದುಂಟು. ಅವೂ ಇಲ್ಲದಿದ್ದರೆ ಮರಣದ ನಂತರದ ಎಸ್ಟೇಟ್ ಕಡತ, ಅಂದರೆ ತೀರಿಕೊಂಡವರ ಆಸ್ತಿಯ ಕಡತ, ನೋಡಬೇಕು. ದಕ್ಷಿಣ ಆಫ್ರಿಕಾ ಪತ್ರಾಗಾರದ ಆನ್‌ಲೈನ್ ಸೂಚಿಯಲ್ಲಿ ಹುಡುಕಿದರೆ ಸಿಗುವುದು ಕಡತದ ಸಂಖ್ಯೆ ಮಾತ್ರ. ಒಳಗಿನ ಹಾಳೆ ಓದಲು ಪೀಟರ್‌ಮಾರಿಟ್ಸ್‌ಬರ್ಗ್ ಅಥವಾ ಡರ್ಬನ್‌ಗೆ ಯಾರಾದರೂ ಹೋಗಬೇಕಾದೀತು. ಹಡಗಿನ ಪಟ್ಟಿಯ ಡೇಟಾಬೇಸ್ ಡರ್ಬನ್‌ನ ಗಾಂಧಿ–ಲುಥುಲಿ ದಾಖಲೆ ಕೇಂದ್ರದಲ್ಲಿದೆ. ಡೇಟಾಬೇಸ್‌ನಲ್ಲಿ ಸಿಕ್ಕಿತೆಂದು ಅಷ್ಟಕ್ಕೇ ನಿಲ್ಲಬೇಡಿ. ಅದು ಕೈಬರಹ ನೋಡಿ ಟೈಪ್ ಮಾಡಿದ್ದು. ಮೂಲ ಪುಟದ ಫೋಟೊ ತರಿಸಿಕೊಳ್ಳಿ.

ಒಂದು ಸಾಲಿನಲ್ಲಿ ನಂಬರ್, ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲಾ, ತಾಲ್ಲೂಕು, ಹಳ್ಳಿ, ಎತ್ತರ, ಮೈಮೇಲಿನ ಗುರುತು ಇಷ್ಟು ಇರುತ್ತವೆ. ವಯಸ್ಸು ಅಂದಾಜಿನದು, ಐದು ವರ್ಷ ಹಿಂದೆಮುಂದೆ ಇಟ್ಟುಕೊಳ್ಳಿ. ಮಚ್ಚೆ, ಗಾಯದ ಕಲೆ ಇಂದು ನಮಗೆ ಪ್ರಯೋಜನಕ್ಕಿಲ್ಲ. ಒಂದೇ ಹಡಗಿನಲ್ಲಿ ಇಬ್ಬರು ಮುನಿಸ್ವಾಮಿಗಳು ಸಿಕ್ಕರೆ ಕೆಲಸಕ್ಕೆ ಹಚ್ಚಿದ ಧಣಿಯ ಹೆಸರು ನೋಡಿ. ಮಕ್ಕಳ ಜನನ ಪತ್ರದಲ್ಲೂ ಅದೇ ಕಬ್ಬಿನ ಎಸ್ಟೇಟ್ ಇದ್ದರೆ ಗುರಿ ಸರಿಯಾಗಿದೆ ಎನ್ನಬಹುದು. ಮೇಲೆ ಕೆಳಗಿನ ಹತ್ತು ಸಾಲುಗಳನ್ನೂ ಓದಿ. ಗಂಡ, ಹೆಂಡತಿ, ಮಕ್ಕಳ ನಂಬರ್ ಸಾಮಾನ್ಯವಾಗಿ ಒಂದರ ಹಿಂದೊಂದು ಇರುತ್ತವೆ. ಒಂದೇ ಊರಿನವರು ಒಟ್ಟಿಗೆ ಹೋಗಿದ್ದರೆ ಈ ಸಾಲಿನಲ್ಲಿ ಕೆಟ್ಟಿರುವ ಊರಿನ ಹೆಸರು ಪಕ್ಕದ ಸಾಲಿನಲ್ಲಿ ಸ್ಪಷ್ಟವಾಗಿ ಸಿಗಬಹುದು.

ಜನ ಹೆಚ್ಚು ಎಡವುವುದು ಜಿಲ್ಲೆಯ ಕಾಲಂನಲ್ಲಿ. ಇಂದಿನ ಭೂಪಟ ಮುಚ್ಚಿಡಿ. 'ಮೈಸೂರು' ಎಂದಿದ್ದರೆ ಅದು ಇಡೀ ಸಂಸ್ಥಾನವಿರಬಹುದು, ಊರು ಕೋಲಾರದಲ್ಲೋ ತುಮಕೂರಿನಲ್ಲೋ ಇದ್ದೀತು. ಕೊಳ್ಳೇಗಾಲ ಆಗ ಕೊಯಮತ್ತೂರು ಜಿಲ್ಲೆ, ಹೊಸೂರು ಸೇಲಂ ಜಿಲ್ಲೆ. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಇಂದಿನ ಚಿತ್ತೂರಿನ ಬಹುಭಾಗ ಉತ್ತರ ಆರ್ಕಾಟ್. ಹಾಗಾಗಿ ಸೇಲಂ, ಕೊಯಮತ್ತೂರು ಎಂದು ಕಂಡ ಕೂಡಲೇ ಮನೆಮಾತು ತಮಿಳೇ ಎಂದು ತೀರ್ಮಾನಿಸಬೇಡಿ.

ಹಳ್ಳಿಯ ಹೆಸರನ್ನು ಬಾಯಿಬಿಟ್ಟು ಗಟ್ಟಿಯಾಗಿ ಓದಿ, ಆಮೇಲೆ ಆ ತಾಲ್ಲೂಕಿನ ಹಳೇ ಗ್ರಾಮಪಟ್ಟಿಯ ಜೊತೆ ಹೋಲಿಸಿ. 'ಪಲ್ಲಿ'ಯನ್ನು ಹಳ್ಳಿ ಎಂದೂ 'ಪೂರ್' ಎಂದಿದ್ದರೆ ಪುರ ಎಂದೂ ಓದಿನೋಡಿ. ಹೊಂದುವ ಊರು ಎರಡು ಮೂರು ಸಿಕ್ಕರೆ ಅಷ್ಟನ್ನೂ ಬರೆದು ಕಳಿಸಿ, ನಿಮಗೆ ಇಷ್ಟವಾದ ಒಂದನ್ನೇ ಅಲ್ಲ.

ಇನ್ನೊಂದು ಮಾತು: ಕೈಯಿಂದ ಟಿಕೆಟ್ ದುಡ್ಡು ಕೊಟ್ಟು ವ್ಯಾಪಾರಕ್ಕೆ ಹೋದ ಗುಜರಾತಿಗಳೇ ಮೊದಲಾದ 'ಪ್ಯಾಸೆಂಜರ್' ಭಾರತೀಯರು ಈ ರಿಜಿಸ್ಟರಿನಲ್ಲಿ ಬರುವುದಿಲ್ಲ. ಮಾರಿಷಸ್‌ಗೆ ಹೋದವರಾದರೆ ಮೋಕಾದ ಮಹಾತ್ಮ ಗಾಂಧಿ ಇನ್‌ಸ್ಟಿಟ್ಯೂಟನ್ನು ಕೇಳಬೇಕು. ಫಿಜಿಗಾದರೆ ತಲೆಗೊಂದರಂತೆ ಎಮಿಗ್ರೇಷನ್ ಪಾಸ್ ಇದೆ. ಮದ್ರಾಸಿನಿಂದ ಅಲ್ಲಿಗೆ ಹಡಗು ಹೊರಟದ್ದು 1903ರಿಂದ, ಅದಕ್ಕೂ ಹಿಂದಿನ ಪಾಸ್‌ಗಳು ಕಲ್ಕತ್ತದವು.