ರವೆ ಗೋಧಿಯಲ್ಲ, ತುಪ್ಪ ಹಾಲಲ್ಲ

ಗೋಧಿ ಅಥವಾ ಹಾಲಿನ ಅಲರ್ಜಿ ಇದ್ದರೆ ಬೆಂಗಳೂರಿನ ಯಾವುದೇ ದರ್ಶಿನಿಯಲ್ಲಿ ‘ಇದರಲ್ಲಿ ಗೋಧಿ ಇದೆಯಾ?’ ಎಂದು ಕೇಳಿ. ‘ಇಲ್ಲ’ ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ. ನಮ್ಮ ಅಡುಗೆಮನೆ ಮಾತಿನಲ್ಲಿ ಗೋಧಿ ಅಂದರೆ ಚಪಾತಿ ಹಿಟ್ಟು. ರವೆ ರವೆಯೇ, ಮೈದಾ ಮೈದಾನೇ, ಎರಡೂ ಗೋಧಿಯಿಂದಲೇ ಬಂದರೂ. ತುಪ್ಪ, ಬೆಣ್ಣೆ ಕೂಡ ಯಾರ ಲೆಕ್ಕದಲ್ಲೂ ಹಾಲಲ್ಲ. ‘ಗ್ಲುಟನ್’ (ಗೋಧಿಯಲ್ಲಿರುವ ಪ್ರೋಟೀನ್), ‘ಡೇರಿ’ (ಹಾಲಿನ ಪದಾರ್ಥ) ಅಂದರಂತೂ ತಲೆ ಆಡಿಸಿ ಟೋಕನ್ ಹರಿದು ಕೊಟ್ಟುಬಿಡುತ್ತಾರೆ.

ಹಾಗಾಗಿ ಹೆಸರು ಹಿಡಿದೇ ಕೇಳಬೇಕು: ‘ರವೆ, ಮೈದಾ, ಗೋಧಿಹಿಟ್ಟು, ಬೆಣ್ಣೆ, ತುಪ್ಪ, ಮೊಸರು, ಇದರಲ್ಲಿ ಯಾವ್ಯಾವುದು ಹಾಕ್ತೀರಿ?’ ‘ಹಾಕ್ತೀರಾ’ ಅಂದರೆ ‘ಇಲ್ಲ’ ಅನ್ನುವುದು ಸುಲಭ. ‘ಯಾವ್ಯಾವುದು’ ಅಂದಾಗ ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಕ್ಯಾಶಿಯರ್ ಹತ್ತಿರ ಕೇಳಿ ಪ್ರಯೋಜನವಿಲ್ಲ, ಕಲ್ಲಿನ ಮುಂದೆ ನಿಂತ ಭಟ್ಟರನ್ನೇ ಕೇಳಿ.

ಇಡ್ಲಿ ಅಕ್ಕಿ, ಉದ್ದಿನದು, ಅದರ ಪಾಡಿಗೆ ಅದು ಒಳ್ಳೆಯದು. ತಟ್ಟೆ ಇಡ್ಲಿಯ ಮೇಲೆ ಬೆಣ್ಣೆ ಮುದ್ದೆ ಬೀಳುವ ಮೊದಲೇ ಬಾಯಿ ಬಿಡಿ. ತಟ್ಟೆಗೆ ಎಣ್ಣೆ ಸವರುತ್ತಾರೋ ತುಪ್ಪವೋ ಅದನ್ನೂ ಕೇಳಿ. ರವೆ ಇಡ್ಲಿ ಮಾತ್ರ ಬೇಡವೇ ಬೇಡ: ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಎಂಟಿಆರ್‌ನವರು ಕಂಡುಕೊಂಡ ದಾರಿ ಅದು, ರವೆಯ ಜೊತೆಗೆ ಮೊಸರು, ತುಪ್ಪವೂ ಸೇರಿರುತ್ತದೆ. ಖಾರಾಬಾತ್, ಕೇಸರಿಬಾತ್ ಎರಡೂ ರವೆ, ಆದ್ದರಿಂದ ಚೌಚೌಬಾತ್ ಪ್ಲೇಟಿನಲ್ಲಿ ನಿಮಗೆ ಚಮಚ ಒಂದೇ ಗತಿ.

ಈಗ ಸಾಂಬಾರ್. ಗೋಧಿ ಅಲರ್ಜಿ ಇರುವವರು ಎಡವುವುದೇ ಇಲ್ಲಿ. ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದೆ ಅನ್ನುತ್ತಾರಲ್ಲ, ಆ ಇಂಗಿನ ಡಬ್ಬಿ ತಿರುಗಿಸಿ ಓದಿ. ಅಂಗಡಿಯ ಪುಡಿ ಇಂಗು ಬರೀ ಇಂಗಲ್ಲ. ಅಸಲಿ ಇಂಗು ಅಂಟು, ತೀರಾ ಘಾಟು. ಅದಕ್ಕೆ ಗೋಂದು ಮತ್ತು ಹಿಟ್ಟು ಬೆರೆಸಿ ಪುಡಿ ಮಾಡುತ್ತಾರೆ. ಆ ಹಿಟ್ಟು ಎಷ್ಟೋ ಬ್ರಾಂಡುಗಳಲ್ಲಿ ಗೋಧಿಯದು, ಕೆಲವದರಲ್ಲಿ ಅಕ್ಕಿಯದು. ಸಾಂಬಾರ್, ತಿಳಿಸಾರು, ಚಟ್ನಿಯ ಒಗ್ಗರಣೆ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಹಪ್ಪಳ, ಎಲ್ಲದರಲ್ಲೂ ಇದು ಇರಬಹುದು. ಒಂದು ಬಕೆಟ್ ಸಾಂಬಾರಿಗೆ ಬೀಳುವುದು ಚಿಟಿಕೆಯಷ್ಟೇ, ನಿಜ. ಆದರೆ ಆ ಚಿಟಿಕೆ ನಿಮಗೆ ಆಗುತ್ತದೋ ಇಲ್ಲವೋ ಅನ್ನುವುದನ್ನು ವೈದ್ಯರ ಹತ್ತಿರ ತೀರ್ಮಾನಿಸಿಕೊಳ್ಳಿ, ಹೋಟೆಲಿನಲ್ಲಿ ಪ್ರಯೋಗ ಮಾಡಬೇಡಿ. ಅಲ್ಲಿಯವರೆಗೆ ‘ಸಾಂಬಾರಲ್ಲಿ ಡಿಪ್ ಬೇಡ, ಪಕ್ಕಕ್ಕೂ ಸಾಂಬಾರ್ ಬೇಡ, ಒಗ್ಗರಣೆ ಹಾಕದ ಕಾಯಿಚಟ್ನಿ ಕೊಡಿ’ ಅನ್ನಬೇಕು. ಚಟ್ನಿಗೆ ಮೊಸರು ಬೆರೆಸುವವರೂ ಇದ್ದಾರೆ, ಅದನ್ನೂ ಕೇಳಿ. ಸ್ವಂತ ಚಟ್ನಿಪುಡಿಯ ಡಬ್ಬಿ ಕಿಸೆಯಲ್ಲಿದ್ದರೆ ಇನ್ನೂ ನಿಶ್ಚಿಂತೆ.

ದೋಸೆಯಲ್ಲಿ ಎರಡು ತೊಂದರೆ. ಹಿಟ್ಟು ಗರಿಗರಿಯಾಗಲೆಂದು ಕೆಲವರು ರವೆ ಅಥವಾ ಮೈದಾ ಬೆರೆಸುತ್ತಾರೆ. ರವೆ ದೋಸೆಯಲ್ಲಂತೂ ಅದು ಹೆಸರಲ್ಲೇ ಇದೆ. ಎರಡನೆಯದು ಕಲ್ಲು. ಒಂದೇ ಕಾವಲಿಯ ಮೇಲೆ ರವೆ ದೋಸೆ, ಚಪಾತಿ, ಬೆಣ್ಣೆ ಮಸಾಲೆ ಎಲ್ಲ ಹಾದುಹೋಗುತ್ತವೆ. ನಡುನಡುವೆ ನೀರು ಚಿಮುಕಿಸಿ ಕಡ್ಡಿಪೊರಕೆಯಲ್ಲಿ ಗುಡಿಸುವುದು ಕಾವು ಇಳಿಸಲಿಕ್ಕೆ, ತೊಳೆಯಲಿಕ್ಕಲ್ಲ. ಬೆಣ್ಣೆಯ ಜಿಡ್ಡು ಕಲ್ಲಿಗೂ ಇರುತ್ತದೆ, ಆ ಪೊರಕೆಗೂ ಇರುತ್ತದೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ, ಮೊದಲ ಹೊಯ್ಲಿನಲ್ಲಿ ಎಣ್ಣೆ ಹಾಕಿಸಿಕೊಂಡು ತಿನ್ನುವುದು ವಾಸಿ. ಅಲರ್ಜಿ ಜೋರಿದ್ದರೆ ಅದೂ ಬೇಡ, ಹಬೆಯಲ್ಲಿ ಬೆಂದದ್ದನ್ನೇ ನೋಡಿ.

ಉದ್ದಿನ ವಡೆಯ ಹಿಟ್ಟು ಸರಿಯಿದ್ದರೂ ಬಾಣಲೆ ಸರಿಯಿರುವುದಿಲ್ಲ. ಅದೇ ಎಣ್ಣೆಯಲ್ಲಿ ಪೂರಿ, ಮದ್ದೂರು ವಡೆ, ಗೋಳಿಬಜೆ ಕರಿದಿರುತ್ತಾರೆ, ಮೂರರಲ್ಲೂ ಗೋಧಿಯ ಸಂತತಿಯೇ. ಗೋಬಿ ಮಂಚೂರಿಯಲ್ಲಿ ಮೈದಾ ಕಂಡರೂ ಸೋಯಾ ಸಾಸ್ ಕಾಣುವುದಿಲ್ಲ. ಅದನ್ನು ಮಾಡುವುದೂ ಸಾಮಾನ್ಯವಾಗಿ ಗೋಧಿ ಹಾಕಿಯೇ.

ಹೊಟ್ಟೆ ತುಂಬ ಉಣ್ಣಬೇಕಿದ್ದರೆ ಮಿಲಿಟರಿ ಹೋಟೆಲ್ ಕಡೆ ನಡೆಯಿರಿ. ಮುದ್ದೆ ಅಂದರೆ ರಾಗಿ ಹಿಟ್ಟು, ನೀರು. ಮಟನ್ ಸಾರಿಗೆ ಕಾಯಿ, ಮಸಾಲೆ. ಇಂಗಿನ ಗೊಡವೆ ಕಡಿಮೆ. ಬಿರಿಯಾನಿ ಮಾತ್ರ ಕೇಳದೆ ತಿನ್ನಬೇಡಿ, ಮೊಸರು, ತುಪ್ಪ ಎರಡೂ ಇರಬಹುದು. ಕಬಾಬಿನ ಹಿಟ್ಟಿನಲ್ಲಿ ಮೈದಾ ಸೇರುವುದುಂಟು. ಉತ್ತರ ಕರ್ನಾಟಕದ ಖಾನಾವಳಿಯಲ್ಲಿ ಜೋಳದ ರೊಟ್ಟಿ ಇದೆ, ಆದರೆ ತಟ್ಟಲು ಬಾರದ ಕೈಗಳು ಹಿಟ್ಟು ಹರಿಯದಿರಲಿ ಅಂತ ಗೋಧಿ ಬೆರೆಸುತ್ತವೆ. ಲಟ್ಟಿಸಿದಂತೆ ಸಮನಾಗಿ, ಮೆತ್ತಗೆ ಬಂದರೆ ಅನುಮಾನಿಸಿ. ಮಂಗಳೂರು ಕಡೆಯ ಹೋಟೆಲಾದರೆ ನೀರ್ ದೋಸೆ, ಕೋರಿ ರೊಟ್ಟಿ, ತೆಂಗಿನ ಹಾಲಿನ ಗಸಿ. ಹಾಲಿನ ಅಲರ್ಜಿಯವರಿಗೆ ಊರಲ್ಲಿ ಇಷ್ಟು ನೆಮ್ಮದಿಯ ಊಟ ಬೇರೆ ಕಡೆ ಕಷ್ಟ.

ಬಾಳೆ ಎಲೆ ಊಟಕ್ಕೆ ಕೂತರೆ ತುಪ್ಪದ ಮಿಳ್ಳೆ ಕೇಳದೆಯೇ ಬರುತ್ತದೆ. ‘ಬೇಡ’ ಅಂದರೆ ಸಂಕೋಚ ಅಂದುಕೊಂಡು ಇನ್ನೊಂದು ಚಮಚ ಜಾಸ್ತಿ ಹಾಕುತ್ತಾರೆ. ಅನ್ನದ ಮೇಲೆ ಅಂಗೈ ಅಡ್ಡ ಹಿಡಿದು, ‘ತುಪ್ಪ ಬಿದ್ದರೆ ಆಸ್ಪತ್ರೆ’ ಅನ್ನಿ. ಒರಟು ಮಾತೇ, ಆದರೆ ಕೆಲಸ ಮಾಡುತ್ತದೆ. ತುಪ್ಪ ಕಾಯಿಸಿದಾಗ ಹಾಲಿನ ಪ್ರೋಟೀನ್ ಬಹುಪಾಲು ಹೋದರೂ ಅಲ್ಪಸ್ವಲ್ಪ ಉಳಿಯುತ್ತದೆ. ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಜೀರ್ಣವಾಗದವರಿಗೆ ಅದು ನಡೆಯಬಹುದು, ಹಾಲಿನ ಅಲರ್ಜಿಯವರಿಗೆ ಆ ಲೆಕ್ಕ ಹಾಕಬೇಡಿ.

ಹತ್ತು ಅಥವಾ ಹೆಚ್ಚು ಕಡೆ ಶಾಖೆ ಇರುವ ಹೋಟೆಲುಗಳು ಅಲರ್ಜಿಕಾರಕಗಳನ್ನು ಮೆನುವಿನಲ್ಲಿ ನಮೂದಿಸಬೇಕು ಅನ್ನುವುದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮ. ಬೀದಿ ಮೂಲೆಯ ದರ್ಶಿನಿಗೆ ಇದು ತಾಗುವುದಿಲ್ಲ.

ಗಂಟಲು ಬಿಗಿದು ಉಸಿರು ಕಟ್ಟಿದರೆ ಸೆಟ್ರಿಜಿನ್‌ನಂಥ ಅಲರ್ಜಿ ಮಾತ್ರೆ ನುಂಗಿ ಕಾಯುವ ಹೊತ್ತಲ್ಲ ಅದು. ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್. ವೈದ್ಯರು ಬರೆದುಕೊಟ್ಟಿದ್ದರೆ ತಕ್ಷಣ ಬಳಸಿ, 108ಕ್ಕೆ ಕರೆ ಮಾಡಿ.

ಕೊನೆಗೆ ಕಾಫಿ. ಕಷಾಯ ಅಂತ ಆಸೆಪಡಬೇಡಿ, ದರ್ಶಿನಿಯ ಕಷಾಯ ಸಾಮಾನ್ಯವಾಗಿ ಹಾಲಿನದೇ. ಡಿಕಾಕ್ಷನ್ನಿಗೆ ಬಿಸಿನೀರು ಬೆರೆಸಿಸಿಕೊಳ್ಳಿ, ಪೇಪರ್ ಕಪ್ಪಿನಲ್ಲೇ ಕೇಳಿ. ಸ್ಟೀಲ್ ಲೋಟದ ಅಂಚಿನ ಮಡಿಕೆಯೊಳಗೆ ಹಿಂದಿನವರ ಹಾಲಿನ ನೊರೆ ಒಣಗಿ ಕೂತಿರುತ್ತದೆ.