ದೊಡ್ಡಪ್ಪನ ಮೇಲ್‌ಗೆ 5.8

18 ಆಗಸ್ಟ್ 2024, ಭಾನುವಾರ ರಾತ್ರಿ

ಮಧ್ಯಾಹ್ನ ಸ್ಪ್ಯಾಮ್ ಫೋಲ್ಡರ್ ಖಾಲಿ ಮಾಡೋಣ ಅಂತ ತೆರೆದೆ. ಲಾಟರಿ, ಸಾಲ, ತೂಕ ಇಳಿಸುವ ಮಾತ್ರೆ. ನಡುವೆ ದೊಡ್ಡಪ್ಪನ ಮೇಲ್. ಮಂಗಳವಾರ ಬೆಳಿಗ್ಗೆ ಬಂದದ್ದು. ವಿಷಯದ ಜಾಗ ಖಾಲಿ. ಒಳಗೆ ಅಡಿಕೆ ಸೋಗೆಯ ಮೂರು ಫೋಟೋ, ಕೆಳಗೆ ಒಂದು ಸಾಲು: "ಇದು ಎಲೆಚುಕ್ಕಿ ರೋಗವೇ? ತೋಟಗಾರಿಕೆಯ ನಿನ್ನ ಸ್ನೇಹಿತನಿಗೆ ತೋರಿಸು."

ಐದು ದಿನ ಅಲ್ಲೇ ಬಿದ್ದಿತ್ತು.

ಮೂರನೇ ಸಲಕ್ಕೆ ಫೋನ್ ಸಿಕ್ಕಿತು. ಮಳೆಗಾಲದಲ್ಲಿ ಆ ಮನೆಗೆ ಸಿಗ್ನಲ್ ಬರುವುದೇ ಕಷ್ಟ. ಅದಕ್ಕೇ ಅವರಿಗೆ ಮೇಲ್ ಇಷ್ಟ. ನೆಟ್ ಬಂದಾಗ ತಾನಾಗಿ ಹೋಗುತ್ತದೆ.

"ಮಂಗಳವಾರ, ಬುಧವಾರ ಹೊಳವಾಗಿತ್ತು ಮಾರಾಯ. ಔಷಧಿ ಹೊಡೆಯೋಕೆ ಮರ ಹತ್ತೋ ಕೊನೆಗೌಡನೂ ಸಿಕ್ಕಿದ್ದ. ನೀನು ಹೇಳಲಿ ಅಂತ ಕಾದೆ. ನಿನ್ನೆಯಿಂದ ಮತ್ತೆ ಹೊಯ್ತಾ ಇದೆ."

"ನಿಮ್ಮ ಮೇಲ್ ಕಸದ ಜೊತೆ ಸೇರಿಹೋಗಿತ್ತು ದೊಡ್ಡಪ್ಪ."

ಸ್ವಲ್ಪ ಹೊತ್ತು ಮಾತಿಲ್ಲ. "ಯಾರು ಸೇರಿಸಿದ್ದು?"

ನಾನೇ ಇಟ್ಟ ಸಾಫ್ಟ್‌ವೇರ್ ಅಂದೆ. ಅದು ಅಂಕ ಹಾಕುತ್ತದೆ. ವಿಷಯ ಬರೆಯದಿದ್ದರೆ ಇಷ್ಟು, ಬರಹ ಕಡಿಮೆ ಇದ್ದು ಚಿತ್ರ ಜಾಸ್ತಿ ಇದ್ದರೆ ಇಷ್ಟು. ಒಟ್ಟು 5 ಮುಟ್ಟಿದರೆ ಸ್ಪ್ಯಾಮ್. ನಿಮ್ಮದು 5.8 ಆಗಿತ್ತು.

"ಹಾಗಾದ್ರೆ ನಾನು ಬರೆಯೋ ಕ್ರಮವೇ ತಪ್ಪು. ಇನ್ಮೇಲೆ ವಿಷಯ ಬರೀತೀನಿ. ಉದ್ದ ಬರೀಬೇಕಾ?"

ಏನು ಹೇಳಬೇಕೋ ತೋಚಲಿಲ್ಲ. ತಪ್ಪು ಅವರದ್ದಲ್ಲ ಅಂತ ಎರಡೆರಡು ಸಲ ಹೇಳಿದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ನನ್ನ ಮೇಲ್‌ಗಳನ್ನು ಯಾವುದೋ ಕಂಪನಿ ಸೋಸುವುದು ಬೇಡ ಅಂತಲೇ ಅಲ್ವಾ ಸ್ವಂತ ಸರ್ವರ್ ಕಟ್ಟಿದ್ದು? ಮೇಲ್ ಕಳಿಸಿ ತರಿಸುವ ಪೋಸ್ಟ್‌ಫಿಕ್ಸ್, ಬಂದದ್ದನ್ನು ಇಟ್ಟು ತೋರಿಸುವ ಡವ್‌ಕಾಟ್ ಕೂರಿಸಲು ಒಂದು ವಾರ ಹೋಯಿತು. ಮೇಲ್ ನಿಜವಾಗಿ ಆ ವಿಳಾಸದ ಸರ್ವರ್‌ನಿಂದಲೇ ಬಂತೇ ಅಂತ ನೋಡುವ ಎಸ್‌ಪಿಎಫ್, ಡಿಕಿಮ್ ಸರಿಮಾಡಲು ಇನ್ನೊಂದು ವಾರ. ಕೊನೆಗೆ ಸ್ಪ್ಯಾಮ್‌ಅಸ್ಯಾಸಿನ್, ಈ ಅಂಕ ಹಾಕುವ ಸಾಫ್ಟ್‌ವೇರ್. ಹಳೆಯ ಮೇಲ್‌ಗಳ ಪದಗಳಿಂದ ಹೊಸದನ್ನು ಅಂದಾಜು ಮಾಡುವ ಅದರ ಬೇಸಿಯನ್ ಲೆಕ್ಕ ಶುರುವಾಗಲು 200 ಸ್ಪ್ಯಾಮ್, 200 ಒಳ್ಳೆಯ ಮೇಲ್ ಕಲಿಸಬೇಕು. ಒಳ್ಳೆಯವು ಅಂತ ನಾನು ಕೊಟ್ಟದ್ದು ಆಫೀಸಿನವು, ಬ್ಯಾಂಕಿನವು, ರೈಲು ಟಿಕೆಟ್. ಎಲ್ಲ ಇಂಗ್ಲಿಷ್. ಕನ್ನಡದ್ದು ಒಂದೂ ಇರಲಿಲ್ಲ. ನಮ್ಮ ಮನೆಯವರು ಹೇಗೆ ಬರೆಯುತ್ತಾರೆ ಅಂತ ಅದಕ್ಕೆ ತೋರಿಸಿಯೇ ಇರಲಿಲ್ಲ.

ಸಂಜೆ ದೊಡ್ಡಪ್ಪನ ಹಳೆಯ ಮೇಲ್‌ಗಳನ್ನೆಲ್ಲ ಹುಡುಕಿ ಕಲಿಸಿದೆ. ಅವರ ವಿಳಾಸವನ್ನು ತಡೆಯಬೇಡ ಅಂತ ಬರೆದೆ. ವಿಳಾಸವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಹಾಗಾಗಿ ಎಸ್‌ಪಿಎಫ್ ಅಥವಾ ಡಿಕಿಮ್ ಪರೀಕ್ಷೆ ಪಾಸಾದರೆ ಮಾತ್ರ.

ಸ್ನೇಹಿತ ಫೋಟೋ ನೋಡಿ, ಎಲೆಚುಕ್ಕಿ ಹಾಗೇ ಕಾಣುತ್ತೆ, ಹತ್ತಿರದಿಂದ ತೆಗೆದದ್ದು ಬೇಕು ಅಂದ. ದೊಡ್ಡಪ್ಪನಿಗೆ ತಿಳಿಸಿದೆ.

ಒಂಬತ್ತು ಗಂಟೆಗೆ ಮೇಲ್ ಬಂತು, ನೇರ ಇನ್‌ಬಾಕ್ಸ್‌ಗೆ. ವಿಷಯದ ಜಾಗದಲ್ಲಿ, "ಅಡಿಕೆ ಸೋಗೆಯ ಫೋಟೋಗಳನ್ನು ಕಳುಹಿಸುತ್ತಿರುವ ಬಗ್ಗೆ." ಇಷ್ಟು ವರ್ಷದಲ್ಲಿ ನನಗೆ ಹೀಗೆ ಬರೆದವರಲ್ಲ ಅವರು. ಫೋಟೋಗಳ ಕೆಳಗೆ ಏಳು ಸಾಲು, ಮಳೆಯದ್ದು, ದನದ್ದು, ದೊಡ್ಡಮ್ಮನ ಮಂಡಿ ನೋವಿನದ್ದು. ಅಂಕ ಕಡಿಮೆಯಾಗಲಿ ಅಂತ ಬರೆದರೇನೋ.

ಜೂನ್‌ನಿಂದ ಆ ಫೋಲ್ಡರನ್ನು ನಾಲ್ಕು ಸಲ ನೋಡದೆಯೇ ಖಾಲಿ ಮಾಡಿದ್ದೇನೆ. ಜುಲೈನಲ್ಲಿ ಅತ್ತೆ ಫೋನಿನಲ್ಲಿ "ಬರೆದಿದ್ದೆನಲ್ಲ" ಅಂದಿದ್ದರು. ನಾನು ಹೂಂ ಅಂದು ಬೇರೆ ಮಾತಿಗೆ ಹೋಗಿದ್ದೆ. ಅದು ಯಾವುದರ ಬಗ್ಗೆ ಅಂತ ಕೇಳಲೇ ಇಲ್ಲ.