ಲಾಡ್ಜ್ ರೂಮಿನಲ್ಲಿ ನಿಮಗೆ ನಿದ್ದೆ ಹೇಗೆ ಬರುತ್ತೆ?

ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಕಲಿಸುತ್ತೇನೆ. ಪ್ರಾಕ್ಟಿಕಲ್ ಪರೀಕ್ಷೆಗಳು ಶುರುವಾದರೆ ಗದಗ, ಹಾವೇರಿ, ರಾಣೆಬೆನ್ನೂರು ಅಂತ ಓಡಾಟ ಇರುತ್ತದೆ. ಸಂಜೆ ತಡವಾದರೆ ಅಲ್ಲೇ ಲಾಡ್ಜಿನಲ್ಲಿ ಉಳಿಯುತ್ತೇನೆ. ಇದು ಗೊತ್ತಿರುವ ಸಹೋದ್ಯೋಗಿಗಳಿಂದ ಹಿಡಿದು ಮದುವೆ ಮನೆಯಲ್ಲಿ ಪಕ್ಕ ಕೂತವರ ತನಕ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ದಿನಾ ಬ್ಯಾಕ್ಟೀರಿಯಾ ನೋಡೋರು ನೀವು. ಯಾರ್ಯಾರೋ ಮಲಗಿ ಎದ್ದ ಹಾಸಿಗೆ ಮೇಲೆ ನಿಮಗೆ ನಿದ್ದೆ ಹೇಗೆ ಬರುತ್ತೆ?"

ಚೆನ್ನಾಗಿಯೇ ಬರುತ್ತೆ. ಬ್ಯಾಕ್ಟೀರಿಯಾ ಬಗ್ಗೆ ಓದಿದ್ದರಿಂದಲೇ ಬರುತ್ತೆ. ಜನ ಹೆದರುವುದು ಹಾಸಿಗೆಗೆ, ಅಂದರೆ ರೂಮಿನ ಒಣ ಜಾಗಕ್ಕೆ. ಪ್ರಯಾಣದಲ್ಲಿ ನಮ್ಮನ್ನು ಕಾಯಿಲೆ ಬೀಳಿಸುವುದು ಹೆಚ್ಚಾಗಿ ಒದ್ದೆ ಜಾಗ, ಕುಡಿಯುವ ನೀರು ಮತ್ತು ತೊಳೆಯದ ಕೈ. ಹಾಗಾಗಿ ರೂಮಿಗೆ ಹೋದ ಕೂಡಲೇ ನಾನು ಮೊದಲು ಬಚ್ಚಲಿನ ದೀಪ ಹಾಕುತ್ತೇನೆ.

ಪ್ರತಿ ವರ್ಷ ಹೊಸದಾಗಿ ಸೇರಿದ ಮಕ್ಕಳಿಗೆ ಒಂದು ಪ್ರಯೋಗ ಮಾಡಿಸುತ್ತೇನೆ. ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಅಗರ್ ಎಂಬ ಜೆಲ್ಲಿ ಹಾಕಿದ ಪೆಟ್ರಿ ತಟ್ಟೆಯ ಮೇಲೆ ಮೆಲ್ಲಗೆ ಬೆರಳು ಒತ್ತಬೇಕು, ಅಷ್ಟೇ. ತಟ್ಟೆ 37 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿ ರಾತ್ರಿಯಿಡೀ ಇರುತ್ತದೆ. ಮರುದಿನ ತೆಗೆದರೆ ಬೆರಳಿನ ಆಕಾರದಲ್ಲೇ ಚುಕ್ಕೆಗಳು ಎದ್ದಿರುತ್ತವೆ. ಹೆಚ್ಚಿನವು ಬಿಳಿ, ಕೆಲವು ಕೆನೆಬಣ್ಣ, ಅಲ್ಲೊಂದು ಇಲ್ಲೊಂದು ಹಳದಿ. ಕೆಲವು ನುಣ್ಣಗೆ ಉಬ್ಬಿ ಹೊಳೆಯುತ್ತವೆ, ಕೆಲವು ಚಪ್ಪಟೆಯಾಗಿ ಅಂಚು ಸುಕ್ಕುಗಟ್ಟಿರುತ್ತವೆ. ಇನ್ನೊಂದು ತಟ್ಟೆಗೆ ಅವರದೇ ಮೊಬೈಲ್ ಒರೆಸಿದ ಹತ್ತಿ ಸವರಿರುತ್ತೇವೆ. ಅಲ್ಲೂ ಚುಕ್ಕೆಗಳು. ಮನೆಯ ಟಿವಿ ರಿಮೋಟಿನ ತಟ್ಟೆಯಲ್ಲೂ ಚುಕ್ಕೆಗಳು.

ಅಷ್ಟು ಹೊತ್ತಿಗೆ ಮಕ್ಕಳ ಮುಖ ಸಪ್ಪಗಾಗಿರುತ್ತದೆ. ಆಗ ನಾನು ವಿವರಿಸುತ್ತೇನೆ. ಇವುಗಳಲ್ಲಿ ಬಹುಪಾಲು ನಮ್ಮ ಚರ್ಮದ ಮೇಲೇ ಬದುಕುವಂಥವು, ಏನೂ ಮಾಡುವುದಿಲ್ಲ. ತಟ್ಟೆಯಲ್ಲಿ ಬೆಳೆಯಿತು ಅಂದ ಮಾತ್ರಕ್ಕೆ ಕಾಯಿಲೆ ಬರುತ್ತೆ ಅಂತ ಅರ್ಥ ಅಲ್ಲ. ಕಾಯಿಲೆ ಬರಬೇಕಾದರೆ ರೋಗ ತರುವ ಜಾತಿಯೇ ಬೇಕು, ಸಾಕಷ್ಟು ಸಂಖ್ಯೆ ಬೇಕು, ಒಳಗೆ ಹೋಗಲು ದಾರಿಯೂ ಬೇಕು. ದಾರಿ ಅಂದರೆ ಬಾಯಿ, ಮೂಗು, ಕಣ್ಣು, ಇಲ್ಲವೇ ಗಾಯ. ಗಾಯವಿಲ್ಲದ ಚರ್ಮವನ್ನು ದಾಟುವುದು ಅವುಗಳಿಗೆ ಸುಲಭವಲ್ಲ. ಮೇಲಾಗಿ ಒಣ ಬಟ್ಟೆಯ ಮೇಲೆ ಹೊಟ್ಟೆ ಕೆಡಿಸುವ ಬಹಳಷ್ಟು ಬ್ಯಾಕ್ಟೀರಿಯಾ ಬೇಗ ಸಾಯುತ್ತವೆ. ಕೆಲವು ಗಟ್ಟಿ ಜಾತಿಗಳು ವಾರಗಟ್ಟಲೆ ಉಳಿಯುತ್ತವೆ, ನಿಜ. ಅವೂ ಬಾಯಿಗೆ ಹೋಗಬೇಕು ಅಥವಾ ಗಾಯಕ್ಕೆ ತಾಗಬೇಕು.

ಹಾಗಂತ ಕೊಳೆ ಚಾದರದ ಮೇಲೆ ಮಲಗಿ ಅನ್ನುತ್ತಿಲ್ಲ. ಚಾದರ ಬದಲಿಸಿದ್ದಾರೋ ಇಲ್ಲವೋ ನೋಡಿದರೆ ಗೊತ್ತಾಗುತ್ತೆ. ಮಡಿಕೆಯ ಗೆರೆ ಇರಬೇಕು, ದಿಂಬಿನ ಕವರಿನಲ್ಲಿ ಎಣ್ಣೆ ವಾಸನೆ ಇರಬಾರದು. ಇಲ್ಲದಿದ್ದರೆ ಮುಲಾಜಿಲ್ಲದೆ ಬೇರೆ ಕೇಳಿ. ಟವೆಲ್ ಮಾತ್ರ ನಾನು ಮನೆಯಿಂದಲೇ ಒಯ್ಯುತ್ತೇನೆ. ಗಜಕರ್ಣದಂಥ ಫಂಗಸ್ ಒದ್ದೆ ಟವೆಲಿನಿಂದ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ಹೊದಿಯಲು ಒಂದು ತೆಳು ಹೊದಿಕೆಯೂ ಬ್ಯಾಗಿನಲ್ಲಿರುತ್ತದೆ. ಲಾಡ್ಜಿನವರು ಚಾದರವನ್ನಾದರೂ ಒಗೆಸುತ್ತಾರೆ, ರಗ್ಗನ್ನು ಪ್ರತಿ ಗಿರಾಕಿಗೂ ಯಾರು ಒಗೆಸುತ್ತಾರೆ? ಇನ್ನು ಎಚ್‌ಐವಿ ಬರುತ್ತಾ ಅಂತ ಮೆಲ್ಲಗೆ ಕೇಳುವವರು ಈಗಲೂ ಇದ್ದಾರೆ. ಇಲ್ಲ. ಚಾದರದಿಂದಾಗಲಿ, ಟಾಯ್ಲೆಟ್ ಸೀಟಿನಿಂದಾಗಲಿ ಅದು ಹರಡುವುದಿಲ್ಲ.

ಈ ಪ್ರಶ್ನೆಯ ಜೊತೆ ಬರುವ ಒಂದು ಮಾತು ನನಗೆ ನೋವು ಕೊಡುತ್ತದೆ. "ಎಂಥೆಂಥವರು ಮಲಗಿ ಹೋಗಿರ್ತಾರೋ ಏನೋ" ಅನ್ನುವ ಮಾತು. ಹೇಳುವವರ ಮನಸ್ಸಿನಲ್ಲಿ ಆಗ ಬ್ಯಾಕ್ಟೀರಿಯಾ ಇರುವುದಿಲ್ಲ, ಮನುಷ್ಯರು ಇರುತ್ತಾರೆ. ಹಳೆಯ ಮಡಿ-ಮೈಲಿಗೆಗೆ ಹೊಸ ಹೆಸರು ಸಿಕ್ಕಿದೆ ಅಷ್ಟೇ. ಟೈಫಾಯ್ಡ್ ಬ್ಯಾಕ್ಟೀರಿಯಾ ಯಾರ ಜಾತಿಯನ್ನೂ, ಸಂಬಳವನ್ನೂ ಕೇಳಿ ಬರುವುದಿಲ್ಲ. ವಿಜ್ಞಾನದ ಹೆಸರಿನಲ್ಲಿ ಈ ಮಾತು ಆಡಬೇಡಿ ಅಂತ ನಾನು ಎದುರಿಗೇ ಹೇಳುತ್ತೇನೆ.

ಹಾಸಿಗೆಯಲ್ಲಿ ಹುಡುಕಲೇಬೇಕಾದದ್ದು ತಿಗಣೆ. ಅದು ರೋಗ ಹರಡುವುದಿಲ್ಲ, ಆದರೆ ನಿಮ್ಮ ಬ್ಯಾಗ್ ಹತ್ತಿ ಮನೆಗೆ ಬಂದರೆ ತಿಂಗಳುಗಟ್ಟಲೆ ಕಾಟ. ಮೊಬೈಲ್ ಟಾರ್ಚ್ ಹಾಕಿ, ಗಾದಿಯ ತಲೆಕಡೆಯ ಮೂಲೆ ಎತ್ತಿ, ಹೊಲಿಗೆಯ ಗುಂಟ ನೋಡಿ. ಪೆನ್ನಿನ ಮೊನೆ ತಾಗಿಸಿದಂಥ ಕಪ್ಪು ಚುಕ್ಕೆಗಳು ಸಾಲಾಗಿ ಕಂಡರೆ ಅದು ತಿಗಣೆಯ ಹಿಕ್ಕೆ. ಮಂಚದ ತಲೆಹಲಗೆಯ ಸಂದಿಯನ್ನೂ ನೋಡಿ. ಇದ್ದರೆ ರೂಮು ಬದಲಿಸಿ. ನೋಡಿ ಮುಗಿಯುವ ತನಕ ಬ್ಯಾಗ್ ಹಾಸಿಗೆಯ ಮೇಲೆ ಇಡಬೇಡಿ.

ಹೋಟೆಲ್ ರೂಮಿನ ಟಿವಿ ರಿಮೋಟ್ ಬಹಳ ಕೊಳೆ ಅಂತ ಎಲ್ಲರೂ ಎಲ್ಲೋ ಓದಿರುತ್ತಾರೆ. ಅದು ಬಂದದ್ದು ಹೆಚ್ಚಾಗಿ 2012ರ ಒಂದು ಅಧ್ಯಯನದಿಂದ. ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯದವರು ಬೇರೆಯವರ ಜೊತೆ ಸೇರಿ ಮೂರು ರಾಜ್ಯಗಳ ಹೋಟೆಲ್ ರೂಮುಗಳಲ್ಲಿ ಬ್ಯಾಕ್ಟೀರಿಯಾ ಎಣಿಸಿದರು. ಟಾಯ್ಲೆಟ್ ಮತ್ತು ಸಿಂಕಿನ ಜೊತೆಗೆ ರಿಮೋಟ್, ಮಂಚದ ಪಕ್ಕದ ದೀಪದ ಸ್ವಿಚ್ಚೂ ಕೊಳೆಯ ಪಟ್ಟಿಯಲ್ಲಿ ಮೇಲೆ ಬಂದವು. ನೋಡಿದ್ದು ಒಟ್ಟು 9 ರೂಮು ಮಾತ್ರ. ಎಣಿಸಿದ್ದು ಬ್ಯಾಕ್ಟೀರಿಯಾವನ್ನು, ಕಾಯಿಲೆ ಬಿದ್ದವರನ್ನಲ್ಲ. ಅದೇ ಅಧ್ಯಯನದ ಇನ್ನೊಂದು ಮಾತು ನಮ್ಮ ಕಡೆ ಯಾರ ಕಿವಿಗೂ ಬೀಳಲಿಲ್ಲ. ರೂಮು ಸ್ವಚ್ಛ ಮಾಡುವವರ ಗಾಡಿಯಲ್ಲಿದ್ದ ಸ್ಪಂಜು ಮತ್ತು ಮಾಪ್ ಮೇಲೂ ಬಹಳ ಬ್ಯಾಕ್ಟೀರಿಯಾ ಸಿಕ್ಕಿತ್ತು. ಅಂದರೆ ಒಂದು ರೂಮಿನದನ್ನು ಇನ್ನೊಂದು ರೂಮಿಗೆ ಒಯ್ಯುವುದು ಒರೆಸುವ ಬಟ್ಟೆಯೇ ಇರಬಹುದು.

ಇದನ್ನು ನೀವೇ ನೋಡಬಹುದು. ಬೆಳಿಗ್ಗೆ ಗಿರಾಕಿಗಳು ಖಾಲಿ ಮಾಡುವ ಹೊತ್ತಿಗೆ ಲಾಡ್ಜಿನ ಕಾರಿಡಾರಿನಲ್ಲಿ ಸ್ವಲ್ಪ ನಿಲ್ಲಿ. ಒಂದು ಜಿಲ್ಲಾ ಕೇಂದ್ರದ ಲಾಡ್ಜಿನಲ್ಲಿ ನಾನು ಹೀಗೆ ನಿಂತು ನೋಡಿದ್ದೇನೆ. ಕೆಲಸದ ಹೆಣ್ಣುಮಗಳ ಕೈಯಲ್ಲಿ ಒಂದು ಬಕೆಟ್, ಒಂದು ಬೂದಿಬಣ್ಣಕ್ಕೆ ತಿರುಗಿದ ಬಟ್ಟೆ. ಬಟ್ಟೆ ಮೊದಲು ಕಮೋಡಿನ ಅಂಚಿಗೆ ಹೋಯಿತು. ಅಲ್ಲಿಂದ ಬಕೆಟ್ಟಿಗೆ, ಒಂದು ಹಿಂಡು, ಮತ್ತೆ ವಾಶ್‌ಬೇಸಿನ್ನಿಗೆ. ಆಮೇಲೆ ಕನ್ನಡಿ. ಕೊನೆಗೆ ಮೇಜಿನ ಮೇಲಿದ್ದ ಎರಡು ಗಾಜಿನ ಲೋಟಗಳ ಒಳಗೂ ಅದೇ ಬಟ್ಟೆ. ಲೋಟ ಫಳಫಳ ಹೊಳೆಯಿತು. ಅದನ್ನು ಬೋರಲು ಹಾಕಿ, ಬಾಗಿಲು ಎಳೆದು, ಅದೇ ನೀರಿನ ಬಕೆಟ್ ಎತ್ತಿಕೊಂಡು ಆಕೆ ಮುಂದಿನ ರೂಮಿಗೆ ಹೋದರು.

ಇದರಲ್ಲಿ ಆ ಹೆಣ್ಣುಮಗಳ ತಪ್ಪು ಏನೂ ಇಲ್ಲ. ಆಕೆಗೆ ಕೊಟ್ಟಿದ್ದೇ ಒಂದು ಬಟ್ಟೆ. ಮುಂದಿನ ಗಿರಾಕಿ ಬರುವಷ್ಟರಲ್ಲಿ ಇಡೀ ಮಹಡಿ ಮುಗಿಸಬೇಕು. ಕೈಗೆ ಗ್ಲೌಸ್ ಇಲ್ಲ, ಎಲ್ಲರ ಕೊಳೆ ಮೊದಲು ತಾಗುವುದು ಆಕೆಗೇ. ಆಸ್ಪತ್ರೆಗಳಲ್ಲಿ ಟಾಯ್ಲೆಟ್ಟಿಗೆ ಒಂದು ಬಣ್ಣದ ಬಟ್ಟೆ, ಉಳಿದ ಜಾಗಕ್ಕೆ ಬೇರೆ ಬಣ್ಣದ ಬಟ್ಟೆ ಇಡುವ ಪದ್ಧತಿ ಇದೆ. ಲಾಡ್ಜಿನವರಿಗೆ ಇದು ದೊಡ್ಡ ಖರ್ಚೇನೂ ಅಲ್ಲ. ಬಿಲ್ ಕೊಡುವಾಗ ನಾನು ಮ್ಯಾನೇಜರಿಗೆ ಈ ಮಾತು ಹೇಳಿಯೇ ಬರುತ್ತೇನೆ: ಎರಡು ಬಣ್ಣದ ಬಟ್ಟೆ ಕೊಡಿ, ಗ್ಲೌಸ್ ಕೊಡಿ, ರೂಮಿಗೆ ಇನ್ನೊಂದು ಹತ್ತು ನಿಮಿಷ ಕೊಡಿ. ಆದರೆ ನೀವು ಕೆಲಸದವರ ಮೇಲೆ ದೂರು ಹೇಳಬೇಡಿ, ಅವರ ಕೂಲಿಗೆ ಕತ್ತರಿ ಬೀಳುತ್ತದೆ. ಲೋಟವನ್ನಂತೂ ನಾನು ಮುಟ್ಟುವುದಿಲ್ಲ. ನನ್ನ ಸ್ಟೀಲ್ ಬಾಟಲಿ ನನ್ನ ಹತ್ತಿರ ಇರುತ್ತದೆ.

ಈಗ ಬಚ್ಚಲು. ನಮ್ಮ ಕಡೆಯ ಲಾಡ್ಜುಗಳಲ್ಲಿ ಒಂದು ಬಕೆಟ್, ಒಂದು ಮಗ್ ಇರುತ್ತವೆ. ಸ್ನಾನಕ್ಕೂ ಅದೇ ಮಗ್, ಶೌಚಕ್ಕೂ ಅದೇ ಮಗ್. ಹಲ್ಲುಜ್ಜಿ ಬಾಯಿ ಮುಕ್ಕಳಿಸಲೂ ಕೆಲವರು ಅದನ್ನೇ ಹಿಡಿಯುತ್ತಾರೆ. ಇಡೀ ರೂಮಿನಲ್ಲಿ ಬಾಯಿಗೂ ಮಲಕ್ಕೂ ಇಷ್ಟು ಹತ್ತಿರದ ದಾರಿ ಬೇರೆ ಇಲ್ಲ. ಅದರ ಹಿಡಿಕೆಯನ್ನೂ ಅಂಚನ್ನೂ ಸೋಪು ಹಚ್ಚಿ ತೊಳೆಯುವುದು ನನ್ನ ಮೊದಲ ಕೆಲಸ, ಜೊತೆಗೆ ನಲ್ಲಿಯ ಹಿಡಿಕೆ. ಬಕೆಟ್ಟಿನಲ್ಲಿ ನೀರು ನಿಂತಿದ್ದರೆ ಚೆಲ್ಲುತ್ತೇನೆ.

ನೀರಿನ ವಿಷಯ ನಮ್ಮ ಊರುಗಳಲ್ಲಿ ಸ್ವಲ್ಪ ಬೇರೆ. ಹುಬ್ಬಳ್ಳಿ-ಧಾರವಾಡಕ್ಕೆ ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದ ನೀರು, ಗದಗ-ಬೆಟಗೇರಿಗೆ ತುಂಗಭದ್ರೆಯ ನೀರು. ಬಹಳ ಕಡೆ ದಿನಾ ಬರುವುದಿಲ್ಲ, ದಿನಗಟ್ಟಲೆ ಕಾಯಬೇಕು. ಗದಗಿನವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಹಾಗಾಗಿ ಲಾಡ್ಜಿನವರು ಸಂಪಿನಲ್ಲಿ, ಮೇಲಿನ ಟ್ಯಾಂಕಿನಲ್ಲಿ ತುಂಬಿಡುತ್ತಾರೆ. ಸಾಲದಿದ್ದರೆ ಟ್ಯಾಂಕರ್ ತರಿಸುತ್ತಾರೆ. ನಮ್ಮ ದೇಶದ ಮಾನದಂಡದ ಪ್ರಕಾರ ಕ್ಲೋರಿನ್ ಹಾಕಿದ ನೀರು ನಲ್ಲಿಗೆ ಬಂದಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನೀರು ದಿನಗಟ್ಟಲೆ ನಿಂತರೆ ಅದು ಇಳಿಯುತ್ತಾ ಹೋಗುತ್ತದೆ. ಟ್ಯಾಂಕ್ ತೊಳೆದು ಎಷ್ಟು ಕಾಲವಾಯಿತೋ ಯಾರಿಗೆ ಗೊತ್ತು? ಟೈಫಾಯ್ಡ್, ಕಾಮಾಲೆ, ವಾಂತಿ-ಭೇದಿ ಬರುವ ದಾರಿ ಇದು. ಕುಡಿಯಲು, ಬಾಯಿ ಮುಕ್ಕಳಿಸಲು ಮುಚ್ಚಳ ಸೀಲ್ ಇರುವ ಬಾಟಲಿ ನೀರು ಅಥವಾ ಕಣ್ಣೆದುರು ಒಂದು ನಿಮಿಷ ಕೊತಕೊತ ಕುದಿಸಿದ ನೀರು ತೆಗೆದುಕೊಳ್ಳಿ.

ಅದೇ ನಿಂತ ನೀರಿನಿಂದ ಸೊಳ್ಳೆಯೂ ಬರುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಗಿಂತ ಮುಚ್ಚದ ಡ್ರಮ್ಮು, ಬಕೆಟ್ಟುಗಳನ್ನು ಇಷ್ಟಪಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕು. ಕಚ್ಚುವುದು ಹಗಲಿನಲ್ಲಿ. ರಿಮೋಟನ್ನು ಸ್ಯಾನಿಟೈಸರಿನಲ್ಲಿ ಮೂರು ಸಲ ಒರೆಸಿದವರೇ ಕಿಟಕಿಯ ಜಾಲರಿ ಹರಿದದ್ದನ್ನು ನೋಡದೆ ಮಧ್ಯಾಹ್ನ ನಿದ್ದೆ ಮಾಡುತ್ತಾರೆ. ಇದು ನನಗೆ ನಿಜಕ್ಕೂ ಚಿಂತೆ ತರುವ ವಿಷಯ.

ಹೋಟೆಲಿನಿಂದಲೇ ಹೆಸರು ಪಡೆದ ಕಾಯಿಲೆಯೂ ಒಂದಿದೆ, ಅದೂ ನೀರಿನದೇ. 1976ರ ಜುಲೈನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶ ನಡೆಯಿತು. ಅಲ್ಲಿಗೆ ಹೋದವರಲ್ಲಿ ಬಹಳ ಜನ ನ್ಯುಮೋನಿಯಾದಿಂದ ಮಲಗಿದರು, ಹಲವರು ಸತ್ತರು. ಮುಂದಿನ ವರ್ಷ ಜನವರಿಯಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು, ಲೀಜಿಯೊನೆಲ್ಲ ಅಂತ ಹೆಸರಾಯಿತು. ಬೆಚ್ಚಗಿನ ನಿಂತ ನೀರಿನಲ್ಲಿ ಬೆಳೆಯುವ ಇದು ನೀರಿನ ಸಣ್ಣ ಹನಿಗಳ ಮೂಲಕ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಬಹಳ ದಿನ ಖಾಲಿ ಇದ್ದ ರೂಮಾದರೆ ಶವರ್ ಅಥವಾ ಗೀಸರಿನ ನಲ್ಲಿ ಬಿಟ್ಟು, ಹೊರಗೆ ಬಂದು ಎರಡು ಮೂರು ನಿಮಿಷ ಕಾಯಿರಿ. ಬಕೆಟ್ ಸ್ನಾನದಲ್ಲಿ ಈ ಭಯ ಕಡಿಮೆ.

ಕೊರೊನಾ ಕಾಲದಲ್ಲಿ ನಾವು ತರಕಾರಿಯನ್ನೂ ತೊಳೆದು ಒಣಗಿಸಿದೆವು, ಅಲ್ವಾ? ಆಗಿನ ಭಯ ಇನ್ನೂ ಉಳಿದಿದೆ. ಆದರೆ 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳಿದ್ದೇನೆಂದರೆ, ವೈರಸ್ ತಗುಲಿದ ಜಾಗವನ್ನು ಒಮ್ಮೆ ಮುಟ್ಟಿದರೆ ಕೋವಿಡ್ ಬರುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ 1ಕ್ಕಿಂತ ಕಡಿಮೆ. ಅದು ಹರಡಿದ್ದು ಮುಖ್ಯವಾಗಿ ಗಾಳಿಯಲ್ಲಿ. ರೂಮಿಗೆ ಹೋದ ಕೂಡಲೇ ಕಿಟಕಿ ತೆಗೆದು ಫ್ಯಾನ್ ಹಾಕುವುದು ಸ್ಪ್ರೇ ಹೊಡೆಯುವುದಕ್ಕಿಂತ ಒಳ್ಳೆಯದು.

ಸ್ಯಾನಿಟೈಸರ್ ಬಗ್ಗೆ ಒಂದು ಮಾತು. ವಾಂತಿ-ಭೇದಿ ತರುವ ನೋರೊವೈರಸ್ ಅದಕ್ಕೆ ಸರಿಯಾಗಿ ಬಗ್ಗುವುದಿಲ್ಲ. ಸೋಪು, ಹರಿಯುವ ನೀರು, 20 ಸೆಕೆಂಡ್ ಉಜ್ಜುವುದು, ಇದೇ ಆಗಬೇಕು. ರೊಟ್ಟಿ ಮುರಿಯುವ ಮುಂಚೆ, ಶೌಚದ ನಂತರ. ನಮ್ಮದು ಕೈಯಲ್ಲಿ ಉಣ್ಣುವ ಊರು. ಕೈ ತೊಳೆದಿದ್ದರೆ ರಿಮೋಟಿನಲ್ಲಿ ಏನಿದ್ದರೂ ಅದು ಬಾಯಿಗೆ ಹೋಗುವುದು ಕಷ್ಟ.

ಇಷ್ಟಕ್ಕೂ ಹೆಚ್ಚು ಎಚ್ಚರ ಬೇಕಾದವರು ಇದ್ದಾರೆ. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ, ವಿದ್ಯಾನಗರದಲ್ಲಿ ಜನ ಕಿಮ್ಸ್ ಅನ್ನುವ ಸರ್ಕಾರಿ ಆಸ್ಪತ್ರೆಗೋ ಹಾವೇರಿ, ಕೊಪ್ಪಳ ಕಡೆಯಿಂದ ಬಂದು, ರೋಗಿಯನ್ನು ಕರೆದುಕೊಂಡು ರೂಮು ಹಿಡಿಯುವವರು. ಕಿಮೋಥೆರಪಿ ಆದವರಿಗೆ, ಹಸುಗೂಸಿಗೆ ಮೇಲೆ ಹೇಳಿದ ಲೆಕ್ಕ ನಡೆಯುವುದಿಲ್ಲ. ಅವರಿಗೆ ಮನೆಯಿಂದ ಒಗೆದ ಚಾದರ, ದಿಂಬಿನ ಕವರ್ ತನ್ನಿ, ಕುದಿಸಿದ ನೀರನ್ನೇ ಕೊಡಿ. ಏನು ಬಿಡಬೇಕು ಅಂತ ಡಾಕ್ಟರನ್ನು ಕೇಳಿ.

ಇನ್ನೊಂದು ರೀತಿಯಲ್ಲಿ ಈ ಪ್ರಶ್ನೆ ಕೇಳುವವರೂ ಇರುತ್ತಾರೆ. ಅವರಿಗೆ ನನ್ನ ಉತ್ತರ ಸಾಲುವುದಿಲ್ಲ. ಮಗ್ ತೊಳೆದ ಮೇಲೂ ಕೊಳೆ ಹೋಯಿತೋ ಇಲ್ಲವೋ ಅನ್ನಿಸುತ್ತದೆ, ಮತ್ತೆ ತೊಳೆಯುತ್ತಾರೆ. ಕೈ ಚರ್ಮ ಬಿರಿದು ರಕ್ತ ಬಂದರೂ ನಿಲ್ಲಿಸಲು ಆಗುವುದಿಲ್ಲ. ಮಗಳ ನಿಶ್ಚಿತಾರ್ಥ ಹುಬ್ಬಳ್ಳಿಯಲ್ಲಿ ಅಂದರೂ ಹೋಗುವುದಿಲ್ಲ, ಯಾಕೆಂದರೆ ರಾತ್ರಿ ಉಳಿಯಬೇಕು. ಮನೆಯವರು "ಸುಮ್ನೆ ಹಟ ಮಾಡ್ತಾರೆ" ಅನ್ನುತ್ತಾರೆ. ಅದು ಹಟ ಅಲ್ಲ, ಒಸಿಡಿ ಎಂಬ ಗೀಳು ಕಾಯಿಲೆ ಇರಬಹುದು. ಅದಕ್ಕೆ ಔಷಧಿಯೂ ಇದೆ, ಭಯವನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸಲು ಕಲಿಸುವ ಚಿಕಿತ್ಸೆಯೂ ಇದೆ. ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಅಲ್ಲಿಗೆ ಬರಲು ಸಂಕೋಚ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.